ಗೋಡೆಯ ತೂತು ಮುಚ್ಚಿದರೆ ಹೀಟಿಂಗ್ ಬಿಲ್ ಅರ್ಧ ಆಗುತ್ತದೆಯೇ? ಬ್ರಿಟನ್ನಿನ ಹಳೆ ಮನೆಗಳ ಮರದ ನೆಲದ ಬಗ್ಗೆ ತಿಳಿಯಬೇಕಾದ್ದು

ಮೈಸೂರಿನ ಓದುಗರೊಬ್ಬರು ನಮಗೆ ಒಂದು ವಾಟ್ಸಾಪ್ ಸಂದೇಶ ಕಳಿಸಿದ್ದರು. ಅವರ ಮಗ, ಸೊಸೆ ಇಂಗ್ಲೆಂಡಿನಲ್ಲಿ ನೂರು ವರ್ಷ ದಾಟಿದ ಬಾಡಿಗೆ ಮನೆಯೊಂದರಲ್ಲಿದ್ದಾರೆ. ಸಂದೇಶ ಹೀಗಿತ್ತು:

"ಯುಕೆಯಲ್ಲಿರುವ ಎಲ್ಲರ ಗಮನಕ್ಕೆ! ನಿಮ್ಮ ಮನೆಯ ಹೊರಗೋಡೆಯ ಕೆಳಗಡೆ ತೂತು ತೂತಾದ ಇಟ್ಟಿಗೆ ಇದೆಯಾ? ಆ ತೂತಿನಿಂದಲೇ ನಿಮ್ಮ ಹೀಟಿಂಗ್ ದುಡ್ಡೆಲ್ಲ ಹೊರಗೆ ಹೋಗ್ತಿದೆ. ಹಳೇ ಬಟ್ಟೆ ಇಲ್ಲಾ ಫೋಮ್ ತುಂಬಿ ಮುಚ್ಚಿಬಿಡಿ. ಬಿಲ್ ಅರ್ಧ ಆಗುತ್ತೆ. ಗ್ಯಾಸ್ ಕಂಪನಿಯವರು ಇದನ್ನ ಹೇಳಲ್ಲ. ನಿಮ್ಮವರಿಗೆಲ್ಲ ಕಳಿಸಿ."

"ಇದನ್ನ ಮಗನಿಗೆ ಕಳಿಸಬಹುದಾ? ಮನೇಲಿ ಪುಟ್ಟ ಮಗು ಇದೆ, ನೆಲ ಮಂಜುಗಡ್ಡೆ ಥರ ಇರುತ್ತೆ ಅಂತಾನೆ" ಎಂದು ಅವರು ಕೇಳಿದ್ದರು.

ದಯವಿಟ್ಟು ಕಳಿಸಬೇಡಿ ಎಂಬುದೇ ನಮ್ಮ ಉತ್ತರ. ಆ ಸಂದೇಶದಲ್ಲಿ ಒಂದು ನಿಜ ಇದೆ, ಒಂದು ಅಪಾಯವೂ ಇದೆ. ನೆಲದಿಂದ ಶಾಖ ಹೋಗುತ್ತದೆ ಎಂಬುದು ನಿಜ. ಅದಕ್ಕೆ ಹೇಳಿರುವ ಉಪಾಯ ಮನೆಯ ನೆಲವನ್ನೇ ಕೊಳೆಸಬಲ್ಲದು. ಹಾಗಾದರೆ ಸರಿಯಾದ ಉಪಾಯ ಏನು? ಅದನ್ನು ಇಲ್ಲಿ ವಿವರಿಸಿದ್ದೇವೆ.

ಚುಟುಕಾಗಿ ಹೇಳುವುದಾದರೆ

- ಹೊರಗೋಡೆಯ ಕೆಳಗಿರುವ ತೂತಿನ ಇಟ್ಟಿಗೆಗಳನ್ನು ಎಂದೂ ಮುಚ್ಚಬಾರದು. ಮರದ ನೆಲದ ಅಡಿಯನ್ನು ಒಣಗಿಸಿಡುವುದು ಅವೇ.
- ಮುಚ್ಚಬೇಕಾದದ್ದು ಮನೆಯೊಳಗೆ, ನೆಲದ ಹಲಗೆಗಳ ನಡುವಿನ ಮತ್ತು ಗೋಡೆಯಂಚಿನ ಸಂದುಗಳನ್ನು.
- ಹೆಚ್ಚಿನ ಲಾಭ ಬೇಕಿದ್ದರೆ ಹಲಗೆಯ ಕೆಳಗೆ, ತೊಲೆಗಳ ನಡುವೆ ಶಾಖ ತಡೆಯುವ ಪದರ ಹಾಕಿಸಬೇಕು.
- ಗ್ಯಾಸ್ ಅಥವಾ ಸೌದೆ, ಕಲ್ಲಿದ್ದಲು ಉರಿಸುವ ಒಲೆ ಇರುವ ಕೋಣೆಯಲ್ಲಿ ಪರಿಣತರನ್ನು ಕೇಳದೆ ಯಾವ ಕಿಂಡಿಯನ್ನೂ ಮುಚ್ಚಬಾರದು.

ಆ ನೆಲ ಹೇಗಿರುತ್ತದೆ?

ನಮ್ಮೂರಿನ ಮನೆಗಳ ನೆಲ ಸಾಮಾನ್ಯವಾಗಿ ಮಣ್ಣು ತುಂಬಿ, ಗಟ್ಟಿ ಮಾಡಿ, ಅದರ ಮೇಲೆ ಕಲ್ಲು, ಗಾರೆ ಅಥವಾ ಟೈಲ್ಸ್ ಹಾಕಿದ್ದು. ಬ್ರಿಟನ್ನಿನ ಹಳೆ ಮನೆಗಳಲ್ಲಿ ಹಾಗಲ್ಲ. ಮಲೆನಾಡಿನ ಹಳೆ ಮನೆಯ ಅಟ್ಟವನ್ನು ನೆನಪಿಸಿಕೊಳ್ಳಿ. ಗೋಡೆಯಿಂದ ಗೋಡೆಗೆ ತೊಲೆ, ತೊಲೆಗಳ ಮೇಲೆ ಹಲಗೆ. ಅದೇ ಅಟ್ಟವನ್ನು ಮನೆಯ ತಳದಲ್ಲೇ, ಮಣ್ಣಿನಿಂದ ಸ್ವಲ್ಪ ಎತ್ತರದಲ್ಲಿ ಹಾಕಿದರೆ ಹೇಗಿರುತ್ತದೋ ಹಾಗೆ ಅಲ್ಲಿನ ನೆಲ ಇರುತ್ತದೆ. ಹಲಗೆಯ ಕೆಳಗೆ ತೊಲೆ, ತೊಲೆಯ ಕೆಳಗೆ ಖಾಲಿ ಜಾಗ, ಅದರ ಕೆಳಗೆ ಬರೀ ಮಣ್ಣು. ಖಾಲಿ ಜಾಗ ಕೆಲವು ಮನೆಗಳಲ್ಲಿ ಒಂದು ಗೇಣಿನಷ್ಟು, ಇನ್ನು ಕೆಲವದರಲ್ಲಿ ಆಳು ತೆವಳಿಕೊಂಡು ಹೋಗುವಷ್ಟು ಇರುತ್ತದೆ.

ವಿಕ್ಟೋರಿಯಾ ರಾಣಿಯ ಕಾಲ (1837-1901) ಮತ್ತು ಅದರ ನಂತರದ ಕೆಲವು ದಶಕಗಳಲ್ಲಿ ಕಟ್ಟಿದ ಸಾಲುಮನೆಗಳಲ್ಲಿ ಈ ಬಗೆಯ ನೆಲ ತುಂಬ ಸಾಮಾನ್ಯ. ಎರಡನೇ ಮಹಾಯುದ್ಧದ ನಂತರ ಮರಕ್ಕೆ ಕೊರತೆ ಬಂದು ಕಾಂಕ್ರೀಟ್ ನೆಲ ಹೆಚ್ಚಾಯಿತು. ಇಂಗ್ಲೆಂಡಿನ ಈಗಿನ ಮನೆಗಳಲ್ಲಿ ಸುಮಾರು ಐದಕ್ಕೆ ಒಂದು 1919ಕ್ಕೂ ಮೊದಲು ಕಟ್ಟಿದ್ದು. ಓದಲು, ಕೆಲಸಕ್ಕೆ ಹೋದ ನಮ್ಮವರು ಬಾಡಿಗೆಗೆ ಹಿಡಿಯುವ ಮನೆಗಳಲ್ಲೂ ಇಂಥವು ಬೇಕಾದಷ್ಟಿವೆ.

ಮನೆಯ ಹೊರಗೋಡೆಯಲ್ಲಿ, ನೆಲಮಟ್ಟಕ್ಕೆ ಸ್ವಲ್ಪ ಮೇಲೆ ಕಾಣುವ ತೂತಿನ ಇಟ್ಟಿಗೆಗೆ ಅಲ್ಲಿ "ಏರ್ ಬ್ರಿಕ್" ಎನ್ನುತ್ತಾರೆ. ಇದು ಸುಮ್ಮನೆ ಬಿಟ್ಟ ತೂತಲ್ಲ. ಮಣ್ಣಿನಿಂದ ಸದಾ ತೇವ ಏಳುತ್ತಿರುತ್ತದೆ. ಮನೆಯ ಒಂದು ಬದಿಯ ಏರ್ ಬ್ರಿಕ್‌ನಿಂದ ಗಾಳಿ ಒಳಗೆ ಹೋಗಿ, ನೆಲದಡಿಯ ತೇವವನ್ನು ಹೊತ್ತುಕೊಂಡು ಎದುರು ಬದಿಯಿಂದ ಹೊರಗೆ ಬರುತ್ತದೆ. ಇಂಗ್ಲೆಂಡಿನ ಕಟ್ಟಡ ನಿಯಮಗಳ ಮಾರ್ಗದರ್ಶಿ ಈಗಲೂ ಇದನ್ನು ಕೇಳುತ್ತದೆ. ಹೊಸದಾಗಿ ಇಂಥ ನೆಲ ಕಟ್ಟುವಾಗ ಎದುರುಬದುರು ಗೋಡೆಗಳಲ್ಲಿ ಕಿಂಡಿ ಇರಬೇಕು. ಹೊರಗೋಡೆಯ ಪ್ರತಿ ಮೀಟರ್ ಉದ್ದಕ್ಕೆ 1,500 ಚದರ ಮಿ.ಮೀ., ಅಥವಾ ನೆಲದ ಪ್ರತಿ ಚದರ ಮೀಟರಿಗೆ 500 ಚದರ ಮಿ.ಮೀ., ಇವೆರಡರಲ್ಲಿ ಯಾವುದು ಹೆಚ್ಚೋ ಕನಿಷ್ಠ ಅಷ್ಟು ಗಾಳಿಜಾಗ ಬೇಕು.

ನಿಮ್ಮ ಮನೆಯ ನೆಲ ಇದೇನಾ? ಪತ್ತೆ ಮಾಡುವುದು ಹೇಗೆ?

ಹಿಮ್ಮಡಿಯಿಂದ ನೆಲವನ್ನು ಒಮ್ಮೆ ಗುದ್ದಿ ನೋಡಿ. ಟೊಳ್ಳು ಸದ್ದು ಬಂದರೆ ಮರದ ನೆಲ, ಬಂಡೆಯ ಮೇಲೆ ಗುದ್ದಿದಂತೆ ಅನಿಸಿದರೆ ಕಾಂಕ್ರೀಟ್. ಆಮೇಲೆ ಹೊರಗೆ ಹೋಗಿ ಗೋಡೆಯ ಬುಡದಲ್ಲಿ ಏರ್ ಬ್ರಿಕ್ ಇದೆಯಾ ನೋಡಿ. ಎಷ್ಟೋ ಮನೆಗಳಲ್ಲಿ ಮುಂದಿನ ಕೋಣೆಗಳದ್ದು ಮರದ ನೆಲ, ಹಿಂದಿನ ಅಡುಗೆಮನೆಯದ್ದು ಕಾಂಕ್ರೀಟ್ ಇರುತ್ತದೆ. ಹಾಗಾಗಿ ಪ್ರತಿ ಕೋಣೆಯಲ್ಲೂ ನೋಡಬೇಕು.

ಶಾಖ ಎಲ್ಲಿಂದ ಹೋಗುತ್ತದೆ?

ನೆಲದಿಂದ ಶಾಖ ಎರಡು ದಾರಿಯಲ್ಲಿ ಹೋಗುತ್ತದೆ.

ಮೊದಲನೆಯದು ಸಂದಿನ ಗಾಳಿ. ಕೋಣೆಯ ಬಿಸಿ ಗಾಳಿ ಮೇಲೇರಿ ಮಹಡಿ, ಛಾವಣಿಯ ಸಂದುಗಳಿಂದ ಹೊರಗೆ ಹೋಗುತ್ತದೆ. ಹೋದ ಗಾಳಿಯ ಜಾಗ ತುಂಬಲು ಕೆಳಗಿನಿಂದ ತಣ್ಣನೆ ಗಾಳಿ ಒಳಬರುತ್ತದೆ. ಒಲೆ ಉರಿದಾಗ ಚಿಮಣಿ ಗಾಳಿ ಎಳೆಯುವುದೂ ಹೀಗೆಯೇ. ಹಲಗೆಗಳ ನಡುವೆ ಸಂದಿದ್ದರೆ ಆ ಗಾಳಿ ನೇರವಾಗಿ ನೆಲದಡಿಯಿಂದ ಬರುತ್ತದೆ. ಹೊರಗೆ ಜೋರು ಗಾಳಿ ಬೀಸಿದರೆ ಇನ್ನೂ ಹೆಚ್ಚು.

ಸಣ್ಣ ಸಂದು ತಾನೇ ಅನಿಸಬಹುದು. ಒಂದು ಲೆಕ್ಕ ಹಾಕೋಣ. 4 ಮೀಟರ್ ಉದ್ದ, 4 ಮೀಟರ್ ಅಗಲದ ಕೋಣೆ. 12 ಸೆಂ.ಮೀ. ಅಗಲದ ಹಲಗೆ ಹಾಕಿದರೆ ಸುಮಾರು 32 ಸಂದುಗಳಾಗುತ್ತವೆ. ಪ್ರತಿ ಸಂದು ಬರೀ 1 ಮಿ.ಮೀ. ಇದ್ದರೂ ಎಲ್ಲ ಸೇರಿ 1,280 ಚದರ ಸೆಂ.ಮೀ. ಅಂದರೆ ಎರಡು ಎ4 ಹಾಳೆಯಷ್ಟು ದೊಡ್ಡ ಕಿಂಡಿಯನ್ನು ಚಳಿಗಾಲವಿಡೀ ತೆರೆದಿಟ್ಟಂತೆ.

ಎರಡನೆಯದು ಹಲಗೆಯ ಮೂಲಕವೇ ದಾಟಿಹೋಗುವ ಶಾಖ. ಬಿಸಿ ಗಾಳಿ ಮೇಲೇರುತ್ತದೆ ನಿಜ. ಶಾಖ ಮಾತ್ರ ಬಿಸಿಯಿಂದ ತಂಪಿನ ಕಡೆಗೆ ಯಾವ ದಿಕ್ಕಿನಲ್ಲಾದರೂ ಸಾಗುತ್ತದೆ, ಕೆಳಕ್ಕೂ ಹೋಗುತ್ತದೆ. ಇದನ್ನು ಅಳೆಯಲು "ಯು-ವ್ಯಾಲ್ಯೂ" ಎಂಬ ಅಳತೆ ಬಳಸುತ್ತಾರೆ. ಒಳಗೂ ಹೊರಗೂ 1 ಡಿಗ್ರಿ ವ್ಯತ್ಯಾಸ ಇದ್ದಾಗ, 1 ಚದರ ಮೀಟರ್ ಜಾಗದಿಂದ ಎಷ್ಟು ವ್ಯಾಟ್ ಶಾಖ ಹೋಗುತ್ತದೆ ಎಂಬ ಲೆಕ್ಕ ಅದು. ಕಡಿಮೆ ಇದ್ದಷ್ಟೂ ಒಳ್ಳೆಯದು. ನೆಲವನ್ನು ನವೀಕರಿಸುವಾಗ ಇಂಗ್ಲೆಂಡಿನ ನಿಯಮ 0.25ರ ಗುರಿ ಇಡುತ್ತದೆ. ಯಾವ ಪದರವೂ ಇಲ್ಲದ ಹಳೆ ಮರದ ನೆಲದ್ದು 0.7 ಎಂದಿಟ್ಟುಕೊಳ್ಳಿ. ಅದಕ್ಕಿಂತ ಹೆಚ್ಚೂ ಇರಬಹುದು.

ಅದೇ 16 ಚದರ ಮೀಟರ್ ಕೋಣೆ. ಒಳಗೆ 19 ಡಿಗ್ರಿ, ಹೊರಗೆ 6 ಡಿಗ್ರಿ. ಈಗ ನೆಲದಿಂದ ಹೋಗುವುದು ಸುಮಾರು 146 ವ್ಯಾಟ್. 0.25ಕ್ಕೆ ಇಳಿಸಿದರೆ 52 ವ್ಯಾಟ್. ಇಡೀ ದಿನ ಅದೇ ಬಿಸಿ ಕಾಯ್ದುಕೊಂಡರೆ ಒಂದು ಕೋಣೆಯಿಂದ ದಿನಕ್ಕೆ ಎರಡು ಯೂನಿಟ್‌ಗಿಂತ ಸ್ವಲ್ಪ ಹೆಚ್ಚು ಉಳಿತಾಯ. ಸಂದಿನ ಗಾಳಿ ನಿಂತದ್ದರ ಲಾಭ ಇದಕ್ಕೆ ಸೇರಿಲ್ಲ.

ಇನ್ನೊಂದು ವಿಷಯ. ಇಡೀ ನೆಲ ಒಂದೇ ಥರ ತಣ್ಣಗಿರುವುದಿಲ್ಲ. ಸಾಲ್ಫರ್ಡ್ ವಿಶ್ವವಿದ್ಯಾಲಯದಲ್ಲಿ ಹಳೆ ಕಾಲದ ಸಾಲುಮನೆಯೊಂದನ್ನು ಪ್ರಯೋಗಾಲಯದೊಳಗೇ ಮತ್ತೆ ಕಟ್ಟಿ, ಸುತ್ತಲೂ ಬೇಕಾದ ಹವಾಮಾನ ಸೃಷ್ಟಿಸಿ ಅಳೆಯುತ್ತಾರೆ. ಅದಕ್ಕೆ ಎನರ್ಜಿ ಹೌಸ್ ಎಂದು ಹೆಸರು. ಅಲ್ಲೂ, ಜನ ವಾಸವಿದ್ದ ನಿಜವಾದ ಹಳೆ ಮನೆಗಳಲ್ಲೂ ಸಂಶೋಧಕರು ಇಂಥ ನೆಲಗಳನ್ನು ಅಳೆದಿದ್ದಾರೆ. ಹೊರಗೋಡೆಯ ಅಂಚಿನಲ್ಲಿ ಶಾಖ ಹೆಚ್ಚು ಹೋಗುತ್ತದೆ, ಕೋಣೆಯ ಒಳಭಾಗದಲ್ಲಿ ಕಡಿಮೆ. ಮಗುವಿನ ಹಾಸಿಗೆ, ಅಜ್ಜ ಅಜ್ಜಿಯ ಕುರ್ಚಿಯನ್ನು ಹೊರಗೋಡೆಯಿಂದ ದೂರ ಸರಿಸುವುದು ಒಂದು ರೂಪಾಯಿಯೂ ಖರ್ಚಿಲ್ಲದ ಉಪಾಯ.

ಹಾಗಾದರೆ ಬಿಲ್ ಅರ್ಧ ಆಗುತ್ತದೆಯೇ?

ಇಲ್ಲ. ಹಳೆ ಮನೆಯಲ್ಲಿ ಗೋಡೆ, ಛಾವಣಿ, ಕಿಟಕಿ ಎಲ್ಲದರಿಂದಲೂ ಶಾಖ ಹೋಗುತ್ತಿರುತ್ತದೆ. ಸಾಮಾನ್ಯವಾಗಿ ಗೋಡೆ ಮತ್ತು ಛಾವಣಿಯ ಪಾಲೇ ದೊಡ್ಡದು. ನೆಲ ಒಂದನ್ನೇ ಸರಿಮಾಡಿ ಬಿಲ್ ಅರ್ಧ ಮಾಡಲು ಆಗುವುದಿಲ್ಲ. ಆದರೆ ಕಾಲಿಗೆ ತಾಗುವ ಚಳಿ ಕಡಿಮೆಯಾದರೆ ಕೋಣೆ ಬೆಚ್ಚಗಿದೆ ಅನಿಸುತ್ತದೆ, ಹೀಟಿಂಗ್ ಏರಿಸುವ ಮನಸ್ಸಾಗುವುದಿಲ್ಲ.

ಇದು ಬರೀ ಆರಾಮದ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೊರತಂದ ವಸತಿ ಮತ್ತು ಆರೋಗ್ಯ ಮಾರ್ಗಸೂಚಿ, ಚಳಿ ದೇಶಗಳಲ್ಲಿ ಮನೆಯೊಳಗೆ ಕನಿಷ್ಠ 18 ಡಿಗ್ರಿ ಸೆಲ್ಸಿಯಸ್ ಇರಬೇಕು ಎನ್ನುತ್ತದೆ. ವಯಸ್ಸಾದವರು, ಚಿಕ್ಕ ಮಕ್ಕಳು, ಹೃದಯ ಅಥವಾ ಶ್ವಾಸಕೋಶದ ಕಾಯಿಲೆ ಇರುವವರಿಗೆ ಇದು ಇನ್ನೂ ಮುಖ್ಯ. ಊರಿನಿಂದ ಬಾಣಂತನಕ್ಕೆಂದು ಹೋಗುವ ಅಮ್ಮಂದಿರು ಬರಿಗಾಲಲ್ಲಿ ಓಡಾಡಿ ಅಭ್ಯಾಸವಾದವರು. ಅವರಿಗೆ ಮೊದಲು ತಾಗುವುದೇ ನೆಲದ ಚಳಿ.

ಏರ್ ಬ್ರಿಕ್ ಮುಚ್ಚಿದರೆ ಏನಾಗುತ್ತದೆ?

ಮುಚ್ಚಿದ ದಿನ ಕಾಲಿಗೆ ಸೋಕುವ ಗಾಳಿ ಕಡಿಮೆಯಾಗುತ್ತದೆ. ಸಂದೇಶ ನಂಬುವಂತೆ ಕಾಣುವುದು ಇದಕ್ಕೇ. ತೊಂದರೆ ಶುರುವಾಗುವುದು ಆಮೇಲೆ, ಅದೂ ಕಣ್ಣಿಗೆ ಕಾಣದ ಜಾಗದಲ್ಲಿ.

ಮಣ್ಣಿನಿಂದ ಎದ್ದ ತೇವಕ್ಕೆ ಹೊರಹೋಗಲು ದಾರಿ ಇಲ್ಲದಾಗ ಅದು ಮರಕ್ಕೆ ಸೇರುತ್ತದೆ. ಮರದ ತೇವಾಂಶ 20% ದಾಟಿ ಹಾಗೆಯೇ ಉಳಿದರೆ ಕೊಳೆಯುವ ಅಪಾಯ ಶುರು. ತೊಲೆಗಳ ತುದಿ ಹೊರಗೋಡೆಯೊಳಗೆ ಕೂತಿರುವುದರಿಂದ ಬಹಳ ಸಲ ಅಲ್ಲೇ ಮೊದಲು ಕೊಳೆಯುತ್ತದೆ. ಮೇಲೆ ಕಾರ್ಪೆಟ್ ಇರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ.

ಮರ ಕೊಳೆಸುವುದು ಶಿಲೀಂಧ್ರ, ಅಂದರೆ ಅಣಬೆಯ ಜಾತಿಯ ಜೀವಿ. ಅದರಲ್ಲಿ ಬ್ರಿಟನ್ನಿನ ಮನೆ ಮಾಲೀಕರು ಹೆಚ್ಚು ಹೆದರುವುದು "ಡ್ರೈ ರಾಟ್"ಗೆ. ಇದರ ವೈಜ್ಞಾನಿಕ ಹೆಸರು ಸೆರ್ಪುಲಾ ಲ್ಯಾಕ್ರಿಮನ್ಸ್. ಹೆಸರಿನಲ್ಲಿ ಡ್ರೈ ಇದ್ದರೂ ಇದಕ್ಕೂ ತೇವ ಬೇಕೇ ಬೇಕು. ಇದೇ ಶಿಲೀಂಧ್ರ ಹಿಮಾಲಯದ ಕಾಡುಗಳಲ್ಲಿ ಸಹಜವಾಗಿ ಬೆಳೆಯುತ್ತದೆ. ಮನೆಯೊಳಗೆ ಬಂದರೆ ಇಟ್ಟಿಗೆ ಗೋಡೆಯ ಸಂದುಗಳಲ್ಲೂ ದಾರದಂಥ ಎಳೆಗಳನ್ನು ಹಾಯಿಸಿಕೊಂಡು ಒಂದು ಕಡೆಯಿಂದ ಇನ್ನೊಂದು ಕಡೆಯ ಮರಕ್ಕೆ ದಾಟುತ್ತದೆ. ಆಗ ಆಗುವ ರಿಪೇರಿ ಖರ್ಚಿನ ಮುಂದೆ ಉಳಿಸಿದ ಹೀಟಿಂಗ್ ದುಡ್ಡು ಯಾವ ಲೆಕ್ಕಕ್ಕೂ ಇಲ್ಲ.

ಈ ಲಕ್ಷಣಗಳು ಕಂಡರೆ ತಡಮಾಡದೆ ಪರೀಕ್ಷೆ ಮಾಡಿಸಬೇಕು:

- ನಡೆಯುವಾಗ ನೆಲ ತೊಟ್ಟಿಲಿನಂತೆ ಜಗ್ಗುವುದು
- ಮುಗ್ಗಲು ವಾಸನೆ
- ಮರ ಚೌಕ ಚೌಕವಾಗಿ ಬಿರುಕು ಬಿಡುವುದು
- ತುಕ್ಕಿನ ಬಣ್ಣದ ಸಣ್ಣ ಪುಡಿ, ಅಥವಾ ಅಣಬೆಯಂಥ ಬೆಳವಣಿಗೆ

ಸರಿಯಾದ ಕ್ರಮ ಯಾವುದು?

ಒಂದೇ ಸೂತ್ರ ನೆನಪಿಟ್ಟರೆ ಸಾಕು: ಹಲಗೆಯ ಕೆಳಗೆ ಗಾಳಿ ಆಡುತ್ತಿರಬೇಕು, ಹಲಗೆ ದಾಟಿ ಕೋಣೆಗೆ ಬರಬಾರದು.

1. ಮೊದಲು ಹೊರಗೆ ನೋಡಿ. ಏರ್ ಬ್ರಿಕ್‌ಗಳಲ್ಲಿ ತರಗೆಲೆ, ಮಣ್ಣು, ಜೇಡರ ಬಲೆ ಕಟ್ಟಿಕೊಂಡಿದ್ದರೆ ತೆಗೆಯಿರಿ. ಹೂವಿನ ಪಾತಿಯ ಮಣ್ಣು, ಹೊಸದಾಗಿ ಹಾಸಿದ ಕಲ್ಲು ಅವುಗಳನ್ನು ಮುಚ್ಚಿರಬಹುದು. ಮನೆಯ ಹಿಂದೆ ಕಾಂಕ್ರೀಟ್ ನೆಲದ ಕೋಣೆ ಸೇರಿಸಿ ಕಟ್ಟಿದ್ದರೆ ಆ ಬದಿಯ ಗಾಳಿ ದಾರಿ ಬಂದ್ ಆಗಿರುವುದೂ ಉಂಟು. ಆ ನೆಲದೊಳಗೆ ಪೈಪ್ ಹಾಯಿಸಿ ಗಾಳಿಗೆ ದಾರಿ ಬಿಟ್ಟಿದ್ದಾರಾ ಎಂದು ಮಾಲೀಕರನ್ನು ಕೇಳಿ.

2. ಗಾಳಿ ಎಲ್ಲಿಂದ ಬರುತ್ತಿದೆ ಹುಡುಕಿ. ಇದಕ್ಕೆ ಯಂತ್ರ ಬೇಡ, ದೇವರ ಮನೆಯ ಊದುಬತ್ತಿ ಸಾಕು. ಹೊರಗೆ ಗಾಳಿ ಇರುವ ದಿನ ಊದುಬತ್ತಿ ಹಚ್ಚಿ ಗೋಡೆ ಮತ್ತು ನೆಲ ಸೇರುವ ಅಂಚಿನ ಉದ್ದಕ್ಕೂ, ಹಲಗೆಗಳ ಸಂದಿನ ಮೇಲೆ, ಪೈಪ್ ನೆಲಕ್ಕೆ ಇಳಿಯುವ ಕಡೆ ನಿಧಾನವಾಗಿ ಸಾಗಿಸಿ. ಹೊಗೆ ಅಲ್ಲಾಡಿದ ಕಡೆ ಪೆನ್ಸಿಲ್ ಗುರುತು ಹಾಕಿ. ಪರದೆ, ಕಾರ್ಪೆಟ್‌ಗೆ ಕಿಡಿ ತಾಗದಂತೆ ನೋಡಿಕೊಳ್ಳಿ.

3. ಸಂದು ಮುಚ್ಚಿ. ಗೋಡೆಯ ಬುಡದ ಮರದ ಪಟ್ಟಿಗೆ ಅಲ್ಲಿ ಸ್ಕರ್ಟಿಂಗ್ ಎನ್ನುತ್ತಾರೆ. ಅದರ ಮತ್ತು ನೆಲದ ನಡುವಿನ ಸಂದಿಗೆ ಟ್ಯೂಬಿನಲ್ಲಿ ಬರುವ, ಒಣಗಿದ ಮೇಲೂ ಸ್ವಲ್ಪ ಹಿಗ್ಗಿ ಕುಗ್ಗುವ ಫಿಲ್ಲರ್ ತುಂಬಬಹುದು. ಹಲಗೆಗಳ ನಡುವೆ ಅಗಲ ಸಂದಿದ್ದರೆ ತೆಳುವಾದ ಮರದ ಪಟ್ಟಿಗಳನ್ನು ಅಂಟು ಹಚ್ಚಿ ಕೂರಿಸುವುದು ಹಳೆಯ ಪದ್ಧತಿ. ಈಗ ಸಂದಿಗೆ ಒತ್ತಿ ಕೂರಿಸುವ ರಬ್ಬರಿನಂಥ ಪಟ್ಟಿಗಳೂ ಸಿಗುತ್ತವೆ. ಗಟ್ಟಿಯಾಗಿ ಒಣಗುವ ಪುಟ್ಟಿ ಹಾಕಬೇಡಿ. ಬೇಸಿಗೆಯಲ್ಲಿ ಒಂದಳತೆ, ಚಳಿಗಾಲದಲ್ಲಿ ಒಂದಳತೆ ಎಂದು ಮರ ಬದಲಾಗುವುದರಿಂದ ಪುಟ್ಟಿ ಒಡೆದು ಉದುರುತ್ತದೆ.

4. ಮೇಲೆ ಹಾಸಿ. ದಪ್ಪ ಕಾರ್ಪೆಟ್, ಅದರಡಿಯಲ್ಲಿ ಒಳ್ಳೆಯ ಅಂಡರ್‌ಲೇ ಹಾಕಿದರೆ ಗಾಳಿಯೂ ಕಡಿಮೆ, ಕಾಲಿಗೂ ಬೆಚ್ಚಗೆ. ಬಾಡಿಗೆ ಮನೆಯಲ್ಲಿ ಜಮಖಾನೆಯೂ ಆಗುತ್ತದೆ.

5. ಕೊನೆಗೆ ಶಾಖ ತಡೆಯುವ ಪದರ. ಇದಕ್ಕೆ ಅಲ್ಲಿ ಇನ್ಸುಲೇಷನ್ ಎನ್ನುತ್ತಾರೆ. ಹೆಚ್ಚು ಲಾಭ ಕೊಡುವ ಕೆಲಸ ಇದೇ, ತಪ್ಪಿದರೆ ಹೆಚ್ಚು ಹಾನಿ ಮಾಡುವುದೂ ಇದೇ. ಹಾಗಾಗಿ ಇದನ್ನು ಬೇರೆಯಾಗಿ ಹೇಳುತ್ತೇವೆ.

ತೊಲೆಗಳ ನಡುವಿನ ಪದರ: ಸರಿ ಯಾವುದು, ತಪ್ಪು ಯಾವುದು

ಕೆಳಗೆ ನೆಲಮಾಳಿಗೆ ಅಥವಾ ತೆವಳುವಷ್ಟು ಜಾಗ ಇದ್ದರೆ ಅಲ್ಲಿಂದ, ಇಲ್ಲದಿದ್ದರೆ ಹಲಗೆ ಎತ್ತಿ ಮೇಲಿನಿಂದ ತೊಲೆಗಳ ನಡುವೆ ಖನಿಜ ಉಣ್ಣೆ, ಕುರಿ ಉಣ್ಣೆ ಅಥವಾ ಮರದ ನಾರಿನ ಹಾಸು ಕೂರಿಸುತ್ತಾರೆ. ಕೆಳಗೆ ಬೀಳದಂತೆ ಬಲೆ ಅಥವಾ ಗಾಳಿಯಾಡುವ ಹಾಳೆ ಕಟ್ಟುತ್ತಾರೆ. ಕೆಲಸದವರು ಬಂದಾಗ ಈ ಐದು ವಿಷಯ ಕೇಳಿ:

- ಪದರ ಹಲಗೆಗೆ ತಾಗಿಕೊಂಡಿದೆಯೇ? ಜೋತುಬಿದ್ದು ಹಲಗೆಗೂ ಪದರಕ್ಕೂ ನಡುವೆ ತಣ್ಣನೆ ಗಾಳಿ ಓಡಾಡಿದರೆ ಪದರ ಇದ್ದೂ ಇಲ್ಲದಂತೆ. ಕಂಬಳಿಯನ್ನು ಮೈಗೆ ಹೊದೆಯದೆ ಪಕ್ಕದಲ್ಲಿ ಇಟ್ಟುಕೊಂಡ ಹಾಗೆ.
- ಕೆಳಗೆ ಗಾಳಿಗೆ ಜಾಗ ಉಳಿದಿದೆಯೇ? ಪದರ ಮಣ್ಣಿಗೆ ತಾಗಬಾರದು, ಏರ್ ಬ್ರಿಕ್‌ಗೆ ಅಡ್ಡ ಬರಬಾರದು. ಪದರದ ಕೆಳಗೆ 150 ಮಿ.ಮೀ. ಜಾಗ ಉಳಿಯಲಿ.
- ತೊಲೆಯ ಕೆಳಬದಿಗೆ ಪ್ಲಾಸ್ಟಿಕ್ ಹೊಡೆದಿದ್ದಾರಾ? ಹೊಡೆಯಬಾರದು. ಕೋಣೆಯಿಂದ ಇಳಿಯುವ ತೇವ ಆ ತಣ್ಣನೆ ಪ್ಲಾಸ್ಟಿಕ್ ಮೇಲೆ ನೀರಾಗಿ ನಿಲ್ಲುತ್ತದೆ. ಗಾಳಿ ತಡೆಯುವ ಪದರ ಬೆಚ್ಚನೆ ಬದಿಗೆ ಇರಬೇಕು. ತಣ್ಣನೆ ಬದಿಯ ಹಾಳೆ ಆವಿ ಹೊರಹೋಗಲು ಬಿಡುವಂಥದ್ದಾಗಿರಬೇಕು.
- ನೀರಿನ ಪೈಪ್‌ಗಳಿಗೆ ಹೊದಿಕೆ ಹಾಕಿದ್ದಾರಾ? ಪದರ ಹಾಕಿದ ಮೇಲೆ ನೆಲದಡಿ ಮೊದಲಿಗಿಂತ ತಣ್ಣಗಾಗುತ್ತದೆ. ಅಲ್ಲಿರುವ ಪೈಪ್ ಹೆಪ್ಪುಗಟ್ಟಿ ಒಡೆಯಬಹುದು.
- ವಿದ್ಯುತ್ ತಂತಿ ಪದರದೊಳಗೆ ಹೂತುಹೋಗಿದೆಯೇ? ಸುತ್ತ ಪದರ ಇದ್ದರೆ ತಂತಿಯ ಬಿಸಿ ಹೊರಹೋಗುವುದಿಲ್ಲ. ಎಲೆಕ್ಟ್ರಿಷಿಯನ್ ಒಮ್ಮೆ ನೋಡಲಿ.

ಇಲ್ಲಿ ಎಷ್ಟೋ ಜನ ತಪ್ಪು ತಿಳಿಯುವ ಒಂದು ಮಾತಿದೆ. "ಪದರ ಹಾಕಿಸಿದೆವಲ್ಲ, ಇನ್ನು ಏರ್ ಬ್ರಿಕ್ ಬೇಡ" ಎಂದುಕೊಳ್ಳುತ್ತಾರೆ. ನಿಜ ಇದಕ್ಕೆ ಉಲ್ಟಾ. ಮೊದಲು ಮನೆಯ ಶಾಖ ಸೋರಿ ನೆಲದಡಿಯೂ ಸ್ವಲ್ಪ ಬೆಚ್ಚಗಿರುತ್ತಿತ್ತು. ಈಗ ಅದು ತಣ್ಣಗಾಗಿದೆ. ತಣ್ಣನೆ ಗಾಳಿ ಹೆಚ್ಚು ತೇವ ಹಿಡಿದಿಟ್ಟುಕೊಳ್ಳಲಾರದು, ಆ ತೇವ ಮರದ ಮೇಲೆ ಕೂರುತ್ತದೆ. ಹಾಗಾಗಿ ಪದರ ಹಾಕಿಸಿದ ಮೇಲೆ ಏರ್ ಬ್ರಿಕ್ ಇನ್ನೂ ಹೆಚ್ಚು ಬೇಕು.

ಮರಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುವ ಸ್ಪ್ರೇ ಫೋಮ್ ಬಗ್ಗೆಯೂ ಎಚ್ಚರ ಇರಲಿ. ಅದು ತೊಲೆಯನ್ನು ಕಣ್ಣಿಗೆ ಕಾಣದಂತೆ ಮುಚ್ಚುತ್ತದೆ. ಕೊಳೆಯುತ್ತಿದ್ದರೂ ಗೊತ್ತಾಗದು, ತೆಗೆಯುವುದೂ ಕಷ್ಟ.

ಜೀವಕ್ಕೆ ಸಂಬಂಧಿಸಿದ ಮೂರು ಎಚ್ಚರಿಕೆಗಳು

ಗ್ಯಾಸ್ ಒಲೆ, ಸೌದೆ ಒಲೆ: ಹಳೆ ಮನೆಗಳಲ್ಲಿ ಚಿಮಣಿಗೆ ಹೊಗೆ ಬಿಡುವ ಗ್ಯಾಸ್ ಫೈರ್ ಅಥವಾ ಸೌದೆ ಒಲೆ ಇರಬಹುದು. ಅವಕ್ಕೆ ಉರಿಯಲು ಕೋಣೆಯ ಗಾಳಿಯೇ ಬೇಕು. ಗಾಳಿ ಸಾಲದಿದ್ದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಜೀವ ತೆಗೆಯುತ್ತದೆ. ಗೋಡೆಯಲ್ಲಿ ಕೋಣೆಯ ಕಡೆಗೆ ತೆರೆದುಕೊಂಡ ಜಾಲರಿ ಇದ್ದರೆ ಅದು ಇದಕ್ಕಾಗಿಯೇ ಇಟ್ಟದ್ದಾಗಿರಬಹುದು. ಇಂಥ ಕೋಣೆಯಲ್ಲಿ ಜಾಲರಿಯಿರಲಿ, ನೆಲದ ಸಂದೇ ಇರಲಿ, ಮುಚ್ಚುವ ಮೊದಲು ತಿಳಿದವರಿಂದ ಪರೀಕ್ಷೆ ಮಾಡಿಸಿ. ಗ್ಯಾಸ್ ಉಪಕರಣವಾದರೆ ಗ್ಯಾಸ್ ಸೇಫ್ ನೋಂದಣಿ ಇರುವ ಎಂಜಿನಿಯರ್ ಅನ್ನೇ ಕರೆಸಬೇಕು. ಮನೆಯವರಿಗೆಲ್ಲ ಒಟ್ಟಿಗೆ ತಲೆನೋವು, ತಲೆಸುತ್ತು, ವಾಕರಿಕೆ ಬಂದು ಹೊರಗೆ ಹೋದಾಗ ಕಡಿಮೆಯಾದರೆ ಅನುಮಾನಪಡಿ. ಕೂಡಲೇ ಕಿಟಕಿ ತೆರೆದು ಎಲ್ಲರೂ ಹೊರಗೆ ಬನ್ನಿ. ಬ್ರಿಟನ್ನಿನ ಗ್ಯಾಸ್ ತುರ್ತು ಸಂಖ್ಯೆ 0800 111 999.

ಕಲ್ನಾರು: ಬ್ರಿಟನ್ನಿನಲ್ಲಿ ಕಲ್ನಾರು, ಅಂದರೆ ಆಸ್‌ಬೆಸ್ಟಾಸ್, ಪೂರ್ತಿ ನಿಷೇಧವಾದದ್ದು 1999ರಲ್ಲಿ. ಹಲಗೆಯ ಮೇಲೆ ಹಳೆ ಟೈಲ್ಸ್ ಅಂಟಿಸಿದ್ದರೆ ಅದರಲ್ಲಿ ಕಲ್ನಾರು ಇರಬಹುದು. ಕೆರೆಯಬೇಡಿ, ಒಡೆಯಬೇಡಿ, ಮೊದಲು ಪರೀಕ್ಷೆ ಮಾಡಿಸಿ.

ರೇಡಾನ್: ಕಾರ್ನ್‌ವಾಲ್, ಡೆವನ್, ಡರ್ಬಿಶೈರ್‌ನಂಥ ಕಡೆ ನೆಲದಿಂದ ರೇಡಾನ್ ಎಂಬ ವಿಕಿರಣಶೀಲ ಅನಿಲ ಹೆಚ್ಚು ಬರುತ್ತದೆ. ಬಹುಕಾಲ ಉಸಿರಾಡಿದರೆ ಶ್ವಾಸಕೋಶದ ಕ್ಯಾನ್ಸರ್‌ಗೆ ಕಾರಣವಾಗಬಲ್ಲದು. ನೆಲದಡಿ ಗಾಳಿ ಆಡುತ್ತಿದ್ದರೆ ಅದು ಹೊರಗೆ ಹೋಗುತ್ತದೆ. ಏರ್ ಬ್ರಿಕ್ ಮುಚ್ಚದಿರಲು ಇದೂ ಒಂದು ಕಾರಣ.

ಬಾಡಿಗೆ ಮನೆಯಲ್ಲಿದ್ದರೆ

ಹಲಗೆ ಎತ್ತುವುದು, ಪದರ ಹಾಕುವುದು ಮಾಲೀಕರ ಒಪ್ಪಿಗೆ ಇಲ್ಲದೆ ಮಾಡುವಂತಿಲ್ಲ. ಫಿಲ್ಲರ್ ತುಂಬುವ ಮೊದಲೂ ಒಂದು ಇಮೇಲ್ ಬರೆದು ಕೇಳಿಕೊಳ್ಳುವುದು ಒಳ್ಳೆಯದು. ಜಮಖಾನೆ ಹಾಸಲು, ಬಾಗಿಲ ಬುಡಕ್ಕೆ ಬಟ್ಟೆಯ ಸುರುಳಿ ಇಡಲು ಯಾರ ಒಪ್ಪಿಗೆಯೂ ಬೇಡ. ನೆಲ ಜಗ್ಗುತ್ತಿದೆ, ಮುಗ್ಗಲು ವಾಸನೆ ಇದೆ ಎಂದರೆ ಫೋಟೋ ಸಮೇತ ಬರಹದಲ್ಲಿ ತಿಳಿಸಿ, ಪ್ರತಿ ಇಟ್ಟುಕೊಳ್ಳಿ. ಇಂಗ್ಲೆಂಡಿನಲ್ಲಿ 2022ರ ಅಕ್ಟೋಬರ್ 1ರಿಂದ, ಅಡುಗೆ ಒಲೆ ಬಿಟ್ಟು ಬೇರೆ ಯಾವುದೇ ಉರಿಯುವ ಉಪಕರಣ ಅಳವಡಿಸಿರುವ, ಜನ ವಾಸಿಸುವ ಕೋಣೆಗಳಲ್ಲಿ ಮಾಲೀಕರು ಕಾರ್ಬನ್ ಮೊನಾಕ್ಸೈಡ್ ಅಲಾರಂ ಹಾಕಿಸಬೇಕು. ಇಲ್ಲದಿದ್ದರೆ ಕೇಳಿ, ಅದು ನಿಮ್ಮ ಹಕ್ಕು.

ತೂತನ್ನು ನೀವೇ ಮುಚ್ಚಿ, ಅದರಿಂದ ತೊಲೆ ಕೊಳೆತರೆ, ಮನೆ ಬಿಡುವಾಗ ಠೇವಣಿಯ ಜಗಳಕ್ಕೂ ಅದು ಕಾರಣವಾಗಬಹುದು.

ಓದುಗರು ಕೇಳುವ ಪ್ರಶ್ನೆಗಳು

ಚಳಿಗಾಲದಲ್ಲಿ ಮಾತ್ರ ಮುಚ್ಚಿ, ಬೇಸಿಗೆಯಲ್ಲಿ ತೆಗೆದರೆ?
ಬೇಡ. ಅಲ್ಲಿ ಮಣ್ಣು, ಗೋಡೆ ಹೆಚ್ಚು ತೇವವಾಗಿರುವುದೇ ಚಳಿಗಾಲದಲ್ಲಿ. ಗಾಳಿ ಹೆಚ್ಚು ಬೇಕಾದ ಸಮಯದಲ್ಲೇ ನಿಲ್ಲಿಸಿದಂತಾಗುತ್ತದೆ. ತೆಗೆಯಲು ಮರೆತುಹೋಗುವುದೂ ಇದೆ.

ತೂತಿನಿಂದ ಇಲಿ ಬರುತ್ತದೆಯಲ್ಲ?
ಬರಬಹುದು. ಅದಕ್ಕೆ ತೂತು ಮುಚ್ಚುವ ಬದಲು ಸಣ್ಣ ಕಣ್ಣಿನ ಲೋಹದ ಜಾಲರಿ ಹೊಡೆಸಿ. ಗಾಳಿ ಹೋಗುತ್ತದೆ, ಇಲಿ ಹೋಗದು. ವರ್ಷಕ್ಕೆರಡು ಸಲ ಜಾಲರಿಯ ಕಸ ತೆಗೆಯಿರಿ.

ಕಾರ್ಪೆಟ್ ಕೆಳಗೆ ಬೆಳ್ಳಿ ಬಣ್ಣದ ಫಾಯಿಲ್ ಹಾಸಿದರೆ ಸಾಕು ಅಂತಾರೆ, ನಿಜವೇ?
ಫಾಯಿಲ್ ಕೆಲಸ ಮಾಡುವುದು ವಿಕಿರಣ ರೂಪದ ಶಾಖವನ್ನು ಹಿಂದಕ್ಕೆ ಕಳಿಸುವ ಮೂಲಕ. ಅದಕ್ಕೆ ಫಾಯಿಲ್ ಎದುರು ಗಾಳಿಯ ಖಾಲಿ ಜಾಗ ಇರಬೇಕು. ಕಾರ್ಪೆಟ್ ಮತ್ತು ಹಲಗೆಯ ನಡುವೆ ಒತ್ತಿಹಿಡಿದ ಫಾಯಿಲ್‌ನಿಂದ ಹೆಚ್ಚೆಂದರೆ ಸಂದಿನ ಗಾಳಿ ಸ್ವಲ್ಪ ತಡೆಯಬಹುದು, ಬೇರೆ ಲಾಭ ಏನೂ ಇಲ್ಲ.

ಬಿಸಿ ಮೇಲೇರುತ್ತದೆ ಅಂದಮೇಲೆ ನೆಲ ಬಿಟ್ಟು ಛಾವಣಿ ಮಾತ್ರ ನೋಡಿಕೊಂಡರೆ ಸಾಲದೇ?
ದುಡ್ಡು ಒಂದಕ್ಕೇ ಸಾಲುವುದಾದರೆ ಛಾವಣಿಯನ್ನೇ ಮೊದಲು ಮಾಡಿ. ಮೇಲಿನ ಸಂದು ಮುಚ್ಚಿದರೆ ಕೆಳಗಿನಿಂದ ಎಳೆಯುವ ಗಾಳಿಯೂ ಕಡಿಮೆಯಾಗುತ್ತದೆ. ಆದರೆ ನೆಲ ತಣ್ಣಗೇ ಇರುತ್ತದೆ. ಅದಕ್ಕೆ ನೆಲದ ಕೆಲಸವೇ ಆಗಬೇಕು.

ಭಾರತದಲ್ಲಿ ಇದರ ಅಗತ್ಯ ಇದೆಯೇ?
ಕರ್ನಾಟಕದ ಗಾರೆ, ಟೈಲ್ಸ್ ನೆಲಕ್ಕೆ ಈ ಲೇಖನದ ಯಾವ ಸಲಹೆಯೂ ಬೇಕಿಲ್ಲ. ಇದು ಚಳಿ ದೇಶದ, ಕೆಳಗೆ ಖಾಲಿ ಜಾಗ ಇರುವ ಮರದ ನೆಲಕ್ಕೆ ಮಾತ್ರ.

ನಮ್ಮ ತೀರ್ಮಾನ

"ಏರ್ ಬ್ರಿಕ್ ಮುಚ್ಚಿ, ಬಿಲ್ ಅರ್ಧ ಮಾಡಿ" ಎಂಬ ಸಂದೇಶ ದಾರಿ ತಪ್ಪಿಸುವಂಥದ್ದು ಮತ್ತು ಅಪಾಯಕಾರಿ.

ಮೈಸೂರಿನ ಆ ಓದುಗರಿಗೆ ನಾವು ಬರೆದುಕೊಟ್ಟದ್ದು ಕೆಳಗಿನ ನಾಲ್ಕು ಸಾಲು. ಯುಕೆಯಲ್ಲಿ ನಿಮ್ಮವರಿದ್ದರೆ ಹಳೆಯ ಸಂದೇಶದ ಬದಲು ಇದನ್ನು ಕಾಪಿ ಮಾಡಿ ಕಳಿಸಿ:

"ಹೊರಗೋಡೆಯ ಕೆಳಗಿನ ತೂತಿನ ಇಟ್ಟಿಗೆ ಮುಚ್ಚಬೇಡ, ನೆಲದ ಮರ ಕೊಳೆಯುತ್ತೆ. ಊದುಬತ್ತಿ ಹಿಡಿದು ನೆಲದ ಸಂದು ಹುಡುಕಿ, ಮಾಲೀಕರನ್ನ ಕೇಳಿ ಒಳಗಿನಿಂದ ಮುಚ್ಚು. ಜಮಖಾನೆ ಹಾಸು, ಮಗುವಿನ ಹಾಸಿಗೆ ಹೊರಗೋಡೆಯಿಂದ ದೂರ ಇಡು. ಗ್ಯಾಸ್ ಫೈರ್ ಇದ್ದರೆ ಎಂಜಿನಿಯರ್ ನೋಡದೆ ಏನೂ ಮುಚ್ಚಬೇಡ, ಅಲಾರಂ ಇದೆಯಾ ಇವತ್ತೇ ನೋಡು."